ಒಂದೇ ಡೀಸೆಲ್ ಕಾರು, ಊರಿಗೊಂದು ಕಾನೂನು: ಪ್ಯಾರಿಸ್, ಮಿಲಾನ್, ಫ್ಲಾರೆನ್ಸ್‌ಗೆ ಹೊರಡುವ ಮುನ್ನ

ಪ್ರಶ್ನೆ: ನಾವು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರದ ಬೋಬ್ಲಿಂಗೆನ್‌ನಲ್ಲಿದ್ದೇವೆ. ನಮ್ಮದು 2012ರ ಸೆಕೆಂಡ್ ಹ್ಯಾಂಡ್ ಡೀಸೆಲ್ ಪಾಸಾಟ್. ಗಾಜಿನ ಮೇಲೆ ಹಸಿರು ಪ್ಲಾಕೆಟ್, ಅಂದರೆ ಹೊಗೆ ಕಡಿಮೆ ಎಂದು ತೋರಿಸುವ ಜರ್ಮನ್ ಸ್ಟಿಕ್ಕರ್, ಇದೆ. ಜುಲೈನಲ್ಲಿ ಹಾಸನದಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ಅವರನ್ನು ಕಾರಿನಲ್ಲೇ ಪ್ಯಾರಿಸ್‌ಗೆ, ಆಮೇಲೆ ಮಿಲಾನ್ ಮತ್ತು ಫ್ಲಾರೆನ್ಸ್‌ಗೆ ಕರೆದುಕೊಂಡು ಹೋಗುವ ಆಸೆ. ಅಮ್ಮನಿಗೆ ಮಂಡಿನೋವು, ಹೆಚ್ಚು ನಡೆಯಲಾರರು. ಹಸಿರು ಪ್ಲಾಕೆಟ್ ಇದ್ದರೆ ಯುರೋಪಿನಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು ಎಂದು ಒಬ್ಬರು, ಯೂರೊ 5 (ಹೊಗೆಯ ಮಿತಿ ಹೇಳುವ ಐರೋಪ್ಯ ದರ್ಜೆ) ಡೀಸೆಲ್ ಎಲ್ಲಾ ಕಡೆ ಬ್ಯಾನ್ ಎಂದು ಇನ್ನೊಬ್ಬರು ಹೇಳುತ್ತಾರೆ. ಹೋದ ಆಗಸ್ಟ್‌ನಲ್ಲಿ ಫ್ಲಾರೆನ್ಸ್‌ನಲ್ಲಿ ಬಾಡಿಗೆ ಕಾರು ತೆಗೆದುಕೊಂಡಿದ್ದೆವು. ಬಾಡಿಗೆ ಕಂಪನಿಯವರು ಅಕ್ಟೋಬರ್‌ನಲ್ಲಿ ಕಾರ್ಡಿನಿಂದ 50 ಯೂರೊ ಎರಡು ಸಲ ಕಡಿದುಕೊಂಡರು. ಈಗ ಮೇ ತಿಂಗಳಲ್ಲಿ, ಅನುಮತಿ ಇಲ್ಲದೆ ಹಳೇ ಊರಿನೊಳಗೆ ಕಾರು ತಂದಿದ್ದಕ್ಕೆ, ಅಲ್ಲಿನ ಪೊಲೀಸರಿಂದ ಎರಡು ನೋಟಿಸ್ ಬಂದಿವೆ. ಒಂದು ಸಲ ಕೊಟ್ಟಾಗಿದೆ, ಇಷ್ಟು ತಡವಾಗಿ ಬಂದಿದ್ದು ಊರ್ಜಿತವಲ್ಲ, ಬಿಟ್ಟುಬಿಡಿ ಎನ್ನುತ್ತಾರೆ ಗೆಳೆಯರು. ಏನು ಮಾಡಲಿ? ಕಾರನ್ನು ಮಾರಿಬಿಡುವುದೇ ಒಳ್ಳೆಯದೇ?

ಉತ್ತರ: ದಂಡದ ವಿಷಯ ಮೊದಲು. ಅದಕ್ಕೆ ಮಾತ್ರ ಗಡುವು ಓಡುತ್ತಿದೆ.

ಬಾಡಿಗೆ ಕಂಪನಿ ಕಡಿದುಕೊಂಡ ಹಣ ದಂಡವಲ್ಲ. ಪೊಲೀಸರು ಕಾರಿನ ನಂಬರ್ ಹಿಡಿದು ಕಂಪನಿಯನ್ನು ಕೇಳುತ್ತಾರೆ, ಆ ದಿನ ಕಾರು ಯಾರ ಹೆಸರಿನಲ್ಲಿತ್ತು ಎಂದು ಕಂಪನಿ ತಿಳಿಸುತ್ತದೆ. ಆ ಕೆಲಸಕ್ಕೆ ಅವರು ಹಾಕುವ ಶುಲ್ಕ ಅದು. ಕರಾರಿನ ಸಣ್ಣ ಅಕ್ಷರಗಳಲ್ಲಿ ಇದಕ್ಕೆ ನೀವು ಸಹಿ ಹಾಕಿರುತ್ತೀರಿ. ಒಂದೊಂದು ನೋಟಿಸಿಗೂ ಬೇರೆ ಬೇರೆ ಕಡಿಯುವುದರಿಂದ ಎರಡು ಸಲ ಹೋಗಿದೆ. ನಿಜವಾದ ದಂಡ ಈಗ ಬಂದಿರುವುದು. ತಡವಾಗಿದೆ ಎಂಬ ವಾದವೂ ನಿಲ್ಲುವುದಿಲ್ಲ. ಇಟಲಿಯಲ್ಲಿ ವಾಸಿಸುವವರಿಗೆ 90 ದಿನದೊಳಗೆ ನೋಟಿಸ್ ತಲುಪಿಸಬೇಕು, ವಿದೇಶದಲ್ಲಿರುವವರಿಗೆ 360 ದಿನದವರೆಗೆ ಅವಕಾಶವಿದೆ. ಬಾಡಿಗೆ ಕಾರಾದರೆ ಆ ಎಣಿಕೆ ಶುರುವಾಗುವುದೇ ಓಡಿಸಿದವರ ಹೆಸರು ಪೊಲೀಸರಿಗೆ ಸಿಕ್ಕ ಮೇಲೆ. ಆಗಸ್ಟ್‌ನಿಂದ ಮೇವರೆಗೆ ಒಂಬತ್ತು ತಿಂಗಳು, ಹಾಗಾಗಿ ನೋಟಿಸ್ ಅವಧಿಯ ಒಳಗೇ ಇದೆ.

ನಿಷಿದ್ಧ ವಲಯಕ್ಕೆ ಅನುಮತಿ ಇಲ್ಲದೆ ಹೊಕ್ಕಿದ್ದಕ್ಕೆ ಇಟಲಿಯ ರಸ್ತೆ ಕಾನೂನಿನ ದಂಡ ಕನಿಷ್ಠ 83, ಗರಿಷ್ಠ 332 ಯೂರೊ. ನೋಟಿಸ್ ಕೈಗೆ ಬಂದ 5 ದಿನದೊಳಗೆ ಕಟ್ಟಿದರೆ ಕನಿಷ್ಠ ಮೊತ್ತದಲ್ಲಿ ಶೇ 30 ರಿಯಾಯಿತಿ, ಅಂದರೆ 58 ಯೂರೊ ಚಿಲ್ಲರೆ. 60 ದಿನದೊಳಗಾದರೆ 83. ಆಮೇಲೆ ಅದು ಗರಿಷ್ಠ ಮೊತ್ತದ ಅರ್ಧಕ್ಕೆ, 166ಕ್ಕೆ, ಜಿಗಿಯುತ್ತದೆ. ಪ್ರತಿ ಮೊತ್ತಕ್ಕೂ ಅಂಚೆ ಮತ್ತು ಕಚೇರಿ ಖರ್ಚು ಸೇರುತ್ತದೆ. ಆದ್ದರಿಂದ ಲಕೋಟೆ ಕೈಗೆ ಬಂದ ದಿನಾಂಕವನ್ನು ಅದರ ಮೇಲೇ ಬರೆದಿಡಿ. ಕಟ್ಟುವುದಾದರೆ ನೋಟಿಸಿನಲ್ಲಿ ಕೊಟ್ಟಿರುವ ಅಧಿಕೃತ ಪುಟದಲ್ಲಿ ಕಾರ್ಡ್ ಮೂಲಕ ಕಟ್ಟಿ. ಬ್ಯಾಂಕ್ ವರ್ಗಾವಣೆಯಾದರೆ ಹಣ ಅವರ ಖಾತೆ ಮುಟ್ಟಿದ ದಿನ ಲೆಕ್ಕಕ್ಕೆ ಬರುತ್ತದೆ, ನೀವು ಕಳಿಸಿದ ದಿನವಲ್ಲ. ಐದನೇ ದಿನ ಸಂಜೆ ಕಳಿಸಿ ರಿಯಾಯಿತಿ ಕಳೆದುಕೊಂಡವರು ಬಹಳ. ವರ್ಗಾವಣೆಯ ಟಿಪ್ಪಣಿಯಲ್ಲಿ ನೋಟಿಸ್ ಸಂಖ್ಯೆ ಇಲ್ಲದಿದ್ದರೆ ಹಣ ಯಾವುದಕ್ಕೂ ಜಮೆಯಾಗದೆ ಉಳಿಯುತ್ತದೆ. ಎರಡು ನೋಟಿಸ್ ಇದ್ದರೆ ಎರಡು ಪಾವತಿ, ಸೇರಿಸಿ ಒಂದೇ ಮೊತ್ತ ಕಳಿಸಬೇಡಿ.

ಕಟ್ಟುವ ಮೊದಲು ಹತ್ತು ನಿಮಿಷ ಕೂತು ನೋಟಿಸ್ ಓದಿ. ಕಾರಿನ ನಂಬರ್, ದಿನ, ಗಂಟೆ, ಯಾವ ದ್ವಾರದ ಕ್ಯಾಮೆರಾ ಎಂಬುದು ಅದರಲ್ಲಿರಬೇಕು. ಬಾಡಿಗೆ ಕರಾರಿನ ಪ್ರಕಾರ ಆ ಹೊತ್ತಿಗೆ ಕಾರು ನಿಮ್ಮ ಬಳಿ ಇರಲಿಲ್ಲವಾದರೆ, ಅಥವಾ ಹೋಟೆಲಿನವರು ನಿಮ್ಮ ನಂಬರನ್ನು ನಗರಸಭೆಗೆ ಕಳಿಸಿದ್ದಕ್ಕೆ ಬರಹದ ಪುರಾವೆ ಇದ್ದರೆ, ಮೇಲ್ಮನವಿಯಲ್ಲಿ ಅರ್ಥವಿದೆ. ಪ್ರಿಫೆಕ್ಟ್ (ಅಲ್ಲಿನ ಸರ್ಕಾರಿ ಪ್ರತಿನಿಧಿ) ಕಚೇರಿಗೆ 60 ದಿನದೊಳಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ಆದರೆ ಸೋತರೆ ಕನಿಷ್ಠ ದಂಡದ ಎರಡರಷ್ಟಾದರೂ ಕಟ್ಟಬೇಕು. ಜಸ್ಟಿಸ್ ಆಫ್ ದಿ ಪೀಸ್, ಅಂದರೆ ಸಣ್ಣ ಪ್ರಕರಣಗಳ ನ್ಯಾಯಾಧೀಶರ, ಮುಂದೆ ಹೋಗುವುದಾದರೆ ವಿದೇಶವಾಸಿಗಳಿಗೆ 60 ದಿನ ಗಡುವು, ಅಲ್ಲಿ ನ್ಯಾಯಾಲಯ ಶುಲ್ಕವಿದೆ. ಕಟ್ಟಿದ ಮೇಲೆ ಮೇಲ್ಮನವಿಯ ದಾರಿ ಮುಚ್ಚಿತು. ‘ಫಲಕ ನಮಗೆ ಅರ್ಥವಾಗಲಿಲ್ಲ’, ‘ಜಿಪಿಎಸ್ ಆ ದಾರಿ ತೋರಿಸಿತು’ ಎಂಬ ಕಾರಣಗಳು ಎಲ್ಲೂ ನಡೆಯುವುದಿಲ್ಲ. ನಿಮ್ಮ ಪತ್ರದಲ್ಲಿ ಇದಕ್ಕಿಂತ ಬಲವಾದ ಆಧಾರ ಕಾಣದ ಕಾರಣ ಕಟ್ಟಿ ಮುಗಿಸುವುದೇ ಅಗ್ಗ ಎಂದು ನನ್ನ ಅಭಿಪ್ರಾಯ.

ಬಿಟ್ಟುಬಿಟ್ಟರೆ ಏನಾಗುತ್ತದೆ? ಐರೋಪ್ಯ ಒಕ್ಕೂಟದ ಒಂದು ದೇಶ ಹಾಕಿದ 70 ಯೂರೊ ಅಥವಾ ಹೆಚ್ಚಿನ ದಂಡವನ್ನು ಇನ್ನೊಂದು ದೇಶ ವಸೂಲು ಮಾಡಿಕೊಡುವ ಏರ್ಪಾಡಿದೆ. ಜರ್ಮನಿಯಲ್ಲಿ ಆ ಕೆಲಸ ಬಾನ್ ನಗರದ ಫೆಡರಲ್ ನ್ಯಾಯ ಕಚೇರಿಯದು. ಪ್ರತಿಯೊಂದು ಪ್ರಕರಣವೂ ಅಲ್ಲಿಗೆ ಬರುವುದಿಲ್ಲ ನಿಜ, ಆದರೆ ನೀವು ಎರಡು ತಿಂಗಳಲ್ಲಿ ಇಟಲಿಗೇ ಹೊರಟಿದ್ದೀರಿ, ಅದೂ ಸ್ವಂತ ಕಾರಿನಲ್ಲಿ. ಭಾರತದಿಂದ ಪ್ರವಾಸಕ್ಕೆ ಬಂದವರಿಗೆ ಇಂಥ ವಸೂಲಿ ಏರ್ಪಾಡು ಅನ್ವಯಿಸುವುದಿಲ್ಲ. ಆದರೂ ಬಾಕಿ ಇಟಲಿಯಲ್ಲಿ ಉಳಿದೇ ಇರುತ್ತದೆ, ವಸೂಲಿ ಏಜೆನ್ಸಿಯ ಪತ್ರಗಳು ಬೆಂಗಳೂರಿನ ವಿಳಾಸಕ್ಕೂ ಬರುತ್ತವೆ. ಇದು ಆಡಳಿತಾತ್ಮಕ ದಂಡ, ಕ್ರಿಮಿನಲ್ ದಾಖಲೆಯಲ್ಲ. ಹಾಗಾಗಿ ಇದರಿಂದ ವೀಸಾ ತಿರಸ್ಕಾರವಾಗುತ್ತದೆ ಎಂದು ಹೆದರಿಸುವವರ ಮಾತನ್ನೂ ನಂಬಬೇಕಿಲ್ಲ.

ಈಗ ಕಾರಿಗೆ ಬರೋಣ. ನಿಮಗೆ ಸಲಹೆ ಕೊಟ್ಟ ಇಬ್ಬರೂ ತಪ್ಪು. ‘ಯುರೋಪಿನ ಕಾನೂನು’ ಎಂಬುದೊಂದು ಇದ್ದೇ ಇಲ್ಲ. ನಿಮ್ಮದು ಯೂರೊ 5 ಡೀಸೆಲ್ ಎಂದುಕೊಂಡರೆ ಅದೇ ಕಾರು ಪ್ಯಾರಿಸ್‌ನೊಳಗೆ ಒಂದು ಸ್ಟಿಕ್ಕರ್ ಅಂಟಿಸಿಕೊಂಡು ಹೋಗಬಹುದು, ನಿಮ್ಮದೇ ಸ್ಟುಟ್‌ಗಾರ್ಟ್‌ನ ನಡುಭಾಗಕ್ಕೆ ಹೋಗುವಂತಿಲ್ಲ, ಮಿಲಾನ್‌ಗೆ ಶನಿವಾರ ಹೋಗಬಹುದು ಸೋಮವಾರ ಹೋಗುವಂತಿಲ್ಲ. ಫ್ಲಾರೆನ್ಸ್‌ನ ಹಳೇ ಊರಿನ ದ್ವಾರದಲ್ಲಂತೂ ಕಾರು ಎಷ್ಟು ಹೊಗೆ ಬಿಡುತ್ತದೆ ಎನ್ನುವುದು ಮೊದಲ ಪ್ರಶ್ನೆಯೇ ಅಲ್ಲ.

ಇಲ್ಲಿ ಎರಡು ಜಾತಿಯ ನಿಯಮಗಳಿವೆ, ಅವನ್ನು ಬೇರ್ಪಡಿಸಿಕೊಂಡರೆ ಅರ್ಧ ಗೊಂದಲ ತೀರುತ್ತದೆ. ಒಂದು ಹೊಗೆ ನಿಯಮ. ಅದು ‘ನಿನ್ನ ಕಾರು ಎಂಥದು?’ ಎಂದು ಕೇಳುತ್ತದೆ: ಇಂಧನ ಯಾವುದು, ಯಾವ ಯೂರೊ ದರ್ಜೆ. ಇನ್ನೊಂದು ಪ್ರವೇಶ ನಿಯಮ. ಅದು ‘ನೀನು ಯಾರು, ಇಲ್ಲಿ ನಿನಗೇನು ಕೆಲಸ?’ ಎಂದು ಕೇಳುತ್ತದೆ: ನಿವಾಸಿಯೇ, ಟ್ಯಾಕ್ಸಿಯೇ, ಹೋಟೆಲ್ ಅತಿಥಿಯೇ. ಹೋದ ವರ್ಷ ನೀವು ಸಿಕ್ಕಿಹಾಕಿಕೊಂಡಿದ್ದು ಎರಡನೆಯದರಲ್ಲಿ. ಅಲ್ಲಿ ಹೊಚ್ಚಹೊಸ ವಿದ್ಯುತ್ ಕಾರಾದರೂ ನಂಬರ್ ಪಟ್ಟಿಯಲ್ಲಿಲ್ಲದಿದ್ದರೆ ಇದೇ ನೋಟಿಸ್ ಬರುತ್ತಿತ್ತು. ಸ್ವಿಟ್ಜರ್ಲೆಂಡ್ ದಾಟಲು ಬೇಕಾಗುವ 40 ಫ್ರಾಂಕಿನ ವಿನ್ಯೆಟ್ ಇವೆರಡಕ್ಕೂ ಸೇರದ್ದು, ಅದು ಹೆದ್ದಾರಿಯ ಸುಂಕ ಮಾತ್ರ.

ಕಾರಿನ ದರ್ಜೆಯನ್ನು ವರ್ಷ ನೋಡಿ ಊಹಿಸಬೇಡಿ. 2011ರ ಜನವರಿಯಿಂದ ಎಲ್ಲಾ ಹೊಸ ಕಾರುಗಳಿಗೂ ಯೂರೊ 5 ಕಡ್ಡಾಯವಾಗಿತ್ತು, ಯೂರೊ 6 ಎಲ್ಲಾ ಹೊಸ ಕಾರುಗಳಿಗೂ ಬಂದದ್ದು 2015ರ ಸೆಪ್ಟೆಂಬರ್‌ನಲ್ಲಿ. ಆದರೆ ಗಡುವಿಗೆ ಮೊದಲೇ ಯೂರೊ 6 ಪಡೆದ ಡೀಸೆಲ್‌ಗಳೂ ಇವೆ. ಜರ್ಮನ್ ನೋಂದಣಿ ಪತ್ರದ ಮೊದಲ ಭಾಗ, ಅಂದರೆ ಕಾರಿನಲ್ಲಿ ಇಟ್ಟುಕೊಳ್ಳುವ ಮಡಿಚಿದ ಹಸಿರು ಕಾಗದ, ತೆಗೆಯಿರಿ. ‘14’ ಎಂಬ ಅಂಕಣದಲ್ಲಿ ದರ್ಜೆ ಅಕ್ಷರದಲ್ಲಿರುತ್ತದೆ. ‘14.1’ರಲ್ಲಿ ನಾಲ್ಕು ಅಕ್ಷರಗಳ ಸಂಕೇತ: 35ರಿಂದ ಶುರುವಾದರೆ ಯೂರೊ 5, 36ರಿಂದ ಶುರುವಾದರೆ ಯೂರೊ 6. ‘ಪಿ.3’ರಲ್ಲಿ ಇಂಧನ, ‘ಬಿ’ಯಲ್ಲಿ ಮೊದಲ ನೋಂದಣಿಯ ದಿನ, ‘ವಿ.9’ರಲ್ಲಿ ಐರೋಪ್ಯ ಅನುಮೋದನೆಯ ದರ್ಜೆ. ಈ ಅಂಕಣಗಳ ಹೆಸರು ಒಕ್ಕೂಟದ ದೇಶಗಳಲ್ಲಿ ಹೆಚ್ಚುಕಡಿಮೆ ಒಂದೇ, ಫ್ರಾನ್ಸಿನ ಅರ್ಜಿಯಲ್ಲಿ ಕೇಳುವುದೂ ಇವನ್ನೇ. ಊರಿನ ಲೆಕ್ಕದಲ್ಲಿ ಹೇಳುವುದಾದರೆ ನಮ್ಮ ಬಿಎಸ್ ದರ್ಜೆಗಳೂ ಇದೇ ಯೂರೊ ದರ್ಜೆಗಳನ್ನು ಅನುಸರಿಸಿದವು. 2020ರ ಏಪ್ರಿಲ್‌ನಲ್ಲಿ ಭಾರತ ಬಿಎಸ್-4ರಿಂದ ನೇರ ಬಿಎಸ್-6ಕ್ಕೆ ಹಾರಿದ್ದರಿಂದ ಯೂರೊ 5ಕ್ಕೆ ಸಮನಾದ ಕಾರು ನಮ್ಮಲ್ಲಿ ಬರಲೇ ಇಲ್ಲ.

ಹಸಿರು ಪ್ಲಾಕೆಟ್ ಇದ್ದೂ ಸ್ಟುಟ್‌ಗಾರ್ಟ್‌ನಲ್ಲಿ ನಿಮ್ಮ ಕಾರಿಗೆ ತಡೆ ಏಕೆ ಎಂಬುದು ನ್ಯಾಯವಾದ ಪ್ರಶ್ನೆ, ಅದರ ಉತ್ತರದಲ್ಲೇ ಇಡೀ ವಿಷಯದ ತಿರುಳಿದೆ. 2008ರಲ್ಲಿ ಬರ್ಲಿನ್, ಕಲೋನ್, ಹ್ಯಾನೋವರ್‌ಗಳಿಂದ ಶುರುವಾದ ಆ ಪ್ಲಾಕೆಟ್ ಗುರಿಯಿಟ್ಟದ್ದು ಮಸಿಯ ಮೇಲೆ, ಗಾಳಿಯಲ್ಲಿ ತೇಲುವ ಸಣ್ಣ ಕಣಗಳ ಮೇಲೆ. ಯೂರೊ 4 ಡೀಸೆಲ್, ಅಥವಾ ಫಿಲ್ಟರ್ ಹಾಕಿಸಿದ ಯೂರೊ 3 ಡೀಸೆಲ್ ಇದ್ದರೂ ಹಸಿರು ಸಿಗುತ್ತದೆ. ಆಮೇಲೆ ಎದುರಾದ ತೊಂದರೆ ನೈಟ್ರೋಜನ್ ಆಕ್ಸೈಡ್. ಡೀಸೆಲ್ ಎಂಜಿನ್ ಹೆಚ್ಚು ಗಾಳಿ ಸೇರಿಸಿ, ಹೆಚ್ಚು ಒತ್ತಡ ಮತ್ತು ಬಿಸಿಯಲ್ಲಿ ಉರಿಸುತ್ತದೆ. ಆ ಬಿಸಿಗೆ ಗಾಳಿಯಲ್ಲಿರುವ ನೈಟ್ರೋಜನ್ನೇ ಆಮ್ಲಜನಕದ ಜೊತೆ ಕೂಡಿಕೊಳ್ಳುತ್ತದೆ. ಕಣದ ಫಿಲ್ಟರ್ ಜರಡಿಯ ಹಾಗೆ: ಮಸಿ ನಿಲ್ಲುತ್ತದೆ, ಅನಿಲ ಹಾದುಹೋಗುತ್ತದೆ. ಅನಿಲವನ್ನು ಹಿಡಿಯಲು ಆಡ್‌ಬ್ಲೂ ಎಂಬ ಯೂರಿಯಾ ದ್ರಾವಣ ಚಿಮ್ಮಿಸುವ ಎಸ್‌ಸಿಆರ್ ಎಂಬ ಸಾಧನ ಬೇಕು. ಬಹುತೇಕ ಯೂರೊ 5 ಕಾರುಗಳಲ್ಲಿ ಅದಿಲ್ಲ. ಹೊಗೆಯ ಒಂದಂಶವನ್ನು ಮರಳಿ ಎಂಜಿನ್‌ಗೆ ಕಳಿಸುವ ಇಜಿಆರ್ ಕವಾಟವೊಂದೇ ಇರುತ್ತದೆ, ಅದೂ ಚಳಿಯಲ್ಲಿ ಅರೆಬರೆ ಕೆಲಸ ಮಾಡುವಂತೆ ಅನೇಕ ಕಾರುಗಳಲ್ಲಿ ಹೊಂದಿಸಿದ್ದರು.

ಕಾಗದದ ಮೇಲೆ ಯೂರೊ 5 ಡೀಸೆಲ್‌ಗೆ ನೈಟ್ರೋಜನ್ ಆಕ್ಸೈಡ್ ಮಿತಿ ಕಿಲೋಮೀಟರಿಗೆ 180 ಮಿಲಿಗ್ರಾಂ, ಅದೇ ದರ್ಜೆಯ ಪೆಟ್ರೋಲ್‌ಗೆ 60. ರಸ್ತೆಯ ಮೇಲೆ ಅಳೆದಾಗ ಡೀಸೆಲ್‌ಗಳು ಆ 180ರ ಹಲವು ಪಟ್ಟು ಬಿಡುತ್ತಿದ್ದವು. 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪರಿಸರ ಸಂಸ್ಥೆ ಫೋಕ್ಸ್‌ವಾಗನ್‌ನ ತಂತ್ರಾಂಶ ಮೋಸವನ್ನು (ಪರೀಕ್ಷೆಯ ಹೊತ್ತಿಗೆ ಮಾತ್ರ ಹೊಗೆ ತಗ್ಗಿಸುವುದು) ಬಯಲಿಗೆಳೆದ ಮೇಲೆ ಇದು ಜನರ ಕಣ್ಣಿಗೆ ಬಿತ್ತು. ಸ್ಟುಟ್‌ಗಾರ್ಟ್ ಬೆಟ್ಟಗಳ ನಡುವಿನ ಬೋಗುಣಿಯಲ್ಲಿರುವ ಊರು, ಗಾಳಿ ಓಡಾಡುವುದು ಕಡಿಮೆ. ನೆಕ್ಕಾರ್‌ಟೋರ್ ಅಳತೆ ಕೇಂದ್ರದಲ್ಲಿ 2016ರ ವಾರ್ಷಿಕ ಸರಾಸರಿ ನೈಟ್ರೋಜನ್ ಡೈಆಕ್ಸೈಡ್ ಘನಮೀಟರಿಗೆ 82 ಮೈಕ್ರೋಗ್ರಾಂ, ಕಾನೂನಿನ ಮಿತಿ 40. ಲೈಪ್‌ಜಿಗ್‌ನ ಫೆಡರಲ್ ಆಡಳಿತ ನ್ಯಾಯಾಲಯ 2018ರ ಫೆಬ್ರವರಿಯಲ್ಲಿ ಡೀಸೆಲ್ ತಡೆ ಕಾನೂನುಬದ್ಧ ಎಂದ ಮೇಲೆ, 2019ರ ಜನವರಿಯಿಂದ ಇಡೀ ನಗರದಲ್ಲಿ ಯೂರೊ 4 ಮತ್ತು ಅದಕ್ಕಿಂತ ಹಳೆಯ ಡೀಸೆಲ್‌ಗೆ ತಡೆ ಬಂತು. 2020ರ ಜುಲೈನಿಂದ ಬೋಗುಣಿಯ ನಡುಭಾಗ, ಬಾಡ್ ಕಾನ್‌ಸ್ಟಾಟ್, ಫಾಯರ್‌ಬಾಕ್, ಝುಫೆನ್‌ಹೌಸೆನ್ ಸೇರಿದ ಚಿಕ್ಕ ವಲಯದಲ್ಲಿ ಯೂರೊ 5 ಡೀಸೆಲ್‌ಗೂ ಬಂತು. ನೆಕ್ಕಾರ್‌ಟೋರ್‌ನ ಅಳತೆ ಈಗ 40ರ ಕೆಳಗಿಳಿದಿದೆ. ಇದನ್ನು ಬರೀ ದಂಡ ಎತ್ತುವ ದಂಧೆ ಎನ್ನುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಆ ರಸ್ತೆಯ ಬದಿಯಲ್ಲಿ ಮನೆ ಮಾಡಿಕೊಂಡವರು ಉಸಿರಾಡುವ ಗಾಳಿ ಅದು.

ಗಾಳಿ ಸುಧಾರಿಸಿದ ಕಡೆ ನಿಯಮ ಸಡಿಲಗೊಳ್ಳುವುದೂ ಇದೆ. ಹ್ಯಾನೋವರ್ 2024ರಲ್ಲಿ ತನ್ನ ಹಸಿರು ವಲಯವನ್ನೇ ತೆಗೆದುಹಾಕಿತು. ಹಾಗಾಗಿ ಎರಡು ವರ್ಷ ಹಿಂದಿನ ವಾಟ್ಸಾಪ್ ಸಂದೇಶ ಎರಡೂ ದಿಕ್ಕಿನಲ್ಲಿ ದಾರಿ ತಪ್ಪಿಸುತ್ತದೆ. ಹೊರಡುವ ವಾರ ಆಯಾ ನಗರಸಭೆಯ ಪುಟವನ್ನೇ ನೋಡಿ.

ಪ್ಯಾರಿಸ್ ನಿಮಗೆ ಸುಲಭ. ಫ್ರಾನ್ಸಿನ ಸ್ಟಿಕ್ಕರ್ ಹೆಸರು ಕ್ರಿಟ್‌ಏರ್, ವಿದ್ಯುತ್ ಕಾರಿಗೆ 0, ಉಳಿದವಕ್ಕೆ 1ರಿಂದ 5. ಯೂರೊ 5 ಮತ್ತು ಯೂರೊ 6 ಡೀಸೆಲ್ ಎರಡನ್ನೂ ಅವರು 2ನೇ ವರ್ಗಕ್ಕೆ ಹಾಕಿದ್ದಾರೆ. ಎ86 ವರ್ತುಲ ರಸ್ತೆಯ ಒಳಗಿನ ವಲಯದಲ್ಲಿ 2025ರ ಜನವರಿಯಿಂದ ತಡೆ ಬಂದದ್ದು 3 ಮತ್ತು ಅದಕ್ಕಿಂತ ಹಳೆಯ ವರ್ಗಗಳಿಗೆ, ವಾರದ ದಿನಗಳಲ್ಲಿ ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ. ನಿಮ್ಮ ಕಾರು ಒಳಗೆ ಹೋಗಬಹುದು, ಆದರೆ ಸ್ಟಿಕ್ಕರ್ ಇಲ್ಲದಿದ್ದರೆ 68 ಯೂರೊ ದಂಡ. ಈ ವಲಯಗಳನ್ನೇ ರದ್ದು ಮಾಡಲು 2025ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆ ಮತ ಹಾಕಿದೆ, ಆ ಜಗ್ಗಾಟ ಎಲ್ಲಿಗೆ ಮುಟ್ಟಿದೆ ಎಂಬುದನ್ನು ಹೊರಡುವ ಮುನ್ನ ನೋಡಿಕೊಳ್ಳಿ. ಏನೇ ಆದರೂ ಐದು ಯೂರೊ ಆಸುಪಾಸಿನ ಸ್ಟಿಕ್ಕರ್ ತರಿಸಿಟ್ಟುಕೊಳ್ಳುವುದು ಜಾಣತನ. ಮಾಲಿನ್ಯ ಏರಿದ ದಿನಗಳಲ್ಲಿ ತಾತ್ಕಾಲಿಕ ತಡೆ ಹಾಕುವುದೂ ಇದರ ಆಧಾರದ ಮೇಲೇ.

ತರಿಸುವಾಗ ಜನ ಎಡವುವುದು ಜಾಲತಾಣದಲ್ಲಿ. ಹುಡುಕಿದಾಗ ಮೇಲೆ ಕಾಣುವ ಖಾಸಗಿ ಪುಟಗಳು ಇದೇ ಸ್ಟಿಕ್ಕರಿಗೆ 20, 30 ಯೂರೊ ಕೀಳುತ್ತವೆ. ಸರ್ಕಾರಿ ಪುಟದ ವಿಳಾಸ ‘ಗೂವ್ ಡಾಟ್ ಎಫ್‌ಆರ್’ ಎಂದು ಮುಗಿಯುತ್ತದೆ. ಅದರಲ್ಲಿ ವಿದೇಶಿ ವಾಹನ ಎಂದು ಆರಿಸಿ, ನೋಂದಣಿ ಪತ್ರದ ಚಿತ್ರ ಏರಿಸಿ. ಫೈಲ್ 400 ಕೆಬಿ ಒಳಗಿರಬೇಕು, ಫೋನಿನಲ್ಲಿ ತೆಗೆದ ಚಿತ್ರವನ್ನು ಕುಗ್ಗಿಸದೆ ಹಾಕಿದರೆ ಒಪ್ಪಿಕೊಳ್ಳುವುದಿಲ್ಲ. ನಂಬರ್ ಪ್ಲೇಟಿನ ಅಕ್ಷರಗಳ ಅಂತರ, ಅಡ್ಡಗೆರೆ ಪತ್ರದಲ್ಲಿದ್ದಂತೆಯೇ ಇರಲಿ. ಜರ್ಮನಿಗೆ ಅಂಚೆ ಬರಲು ವಾರಗಳು ಹಿಡಿಯುವುದುಂಟು, ಹಾಗಾಗಿ ಈಗಲೇ ಹಾಕಿ. ತಡವಾದರೆ ಮಿಂಚಂಚೆಯಲ್ಲಿ ಬರುವ ರಸೀದಿಯ ಮುದ್ರಿತ ಪ್ರತಿ ಕಾರಿನಲ್ಲಿರಲಿ. ಬಂದ ಮೇಲೆ ಮುಂಗಾಜಿನ ಒಳಗೆ, ಬಲಗಡೆ ಕೆಳಮೂಲೆಯಲ್ಲಿ ಅಂಟಿಸಿ. ಜರ್ಮನ್ ಪ್ಲಾಕೆಟ್‌ನ ಜಾಗವೂ ಅದೇ, ಒಂದರ ಮೇಲೊಂದು ಬೀಳದಂತೆ ನೋಡಿಕೊಳ್ಳಿ. ನಿಮ್ಮ ಪ್ಲಾಕೆಟ್ ಮೇಲೆ ಬರೆದಿರುವ ನಂಬರ್ ಈಗಿನ ನಂಬರೇ ಎಂದೂ ಒಮ್ಮೆ ಓದಿ. ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಹಳೇ ಮಾಲೀಕರ ನಂಬರ್ ಹಾಗೇ ಉಳಿದಿರುತ್ತದೆ, ಬಿಸಿಲಿಗೆ ಮಾಸಿಯೂ ಇರುತ್ತದೆ. ಎರಡೂ ಅಸಿಂಧು, ಜರ್ಮನಿಯಲ್ಲಿ ಅದಕ್ಕೆ 100 ಯೂರೊ ದಂಡ.

ಪ್ಯಾರಿಸ್‌ನ ನಟ್ಟನಡುವೆ, 1ರಿಂದ 4ನೇ ವಿಭಾಗಗಳಲ್ಲಿ, 2024ರ ನವೆಂಬರ್‌ನಿಂದ ಪ್ರವೇಶ ನಿಯಮವೂ ಇದೆ. ಬರೀ ಹಾದುಹೋಗುವಂತಿಲ್ಲ, ಒಳಗೆ ತಂಗುವ ಅಥವಾ ನಿಲ್ಲುವ ಕೆಲಸವಿರಬೇಕು. ಹೋಟೆಲ್ ಬುಕಿಂಗ್ ಅಥವಾ ಪಾರ್ಕಿಂಗ್ ರಸೀದಿ ಕೈಯಲ್ಲಿರಲಿ. ರಸ್ತೆ ಬದಿ ನಿಲ್ಲಿಸುವ ಯೋಚನೆ ಇದ್ದರೆ ನೋಂದಣಿ ಪತ್ರದ ‘ಜಿ’ ಅಂಕಣದ ತೂಕ ನೋಡಿ. 1.6 ಟನ್ ಮತ್ತು ಮೇಲಿನ ಇಂಧನ ಕಾರುಗಳಿಗೆ ಹೊರಗಿನವರಾದರೆ ನಡುಭಾಗದಲ್ಲಿ ಗಂಟೆಗೆ 18 ಯೂರೊ. ನೆಲಮಾಳಿಗೆಯ ಪಾರ್ಕಿಂಗ್‌ಗೆ ಈ ದರ ಅನ್ವಯಿಸುವುದಿಲ್ಲ.

ಮಿಲಾನ್‌ನಲ್ಲಿ ಎರಡು ವೃತ್ತಗಳಿವೆ. ಹೊರಗಿನ ಏರಿಯಾ ಬಿ ಬಹುಮಟ್ಟಿಗೆ ಇಡೀ ನಗರವನ್ನು ಆವರಿಸಿದೆ. ಸೋಮವಾರದಿಂದ ಶುಕ್ರವಾರ, ಬೆಳಗ್ಗೆ 7.30ರಿಂದ ಸಂಜೆ 7.30ರವರೆಗೆ ಯೂರೊ 5 ಡೀಸೆಲ್‌ಗೆ 2022ರ ಅಕ್ಟೋಬರ್‌ನಿಂದ ತಡೆ. ಒಳಗಿನ ಏರಿಯಾ ಸಿ ಇರುವುದೇ ಏರಿಯಾ ಬಿ ನಡುವೆ, ಅದರ 7.50 ಯೂರೊ ಚೀಟಿ ಕೊಂಡರೆ ಸಾಕು ಎಂದುಕೊಂಡು ದಂಡ ತೆತ್ತವರಿದ್ದಾರೆ. ಆ ಚೀಟಿ ಒಳವೃತ್ತದ ಶುಲ್ಕ ಮಾತ್ರ, ಹೊರವೃತ್ತದ ತಡೆಯನ್ನು ಅದು ತೆಗೆಯುವುದಿಲ್ಲ. ನಿಮ್ಮ ಕಾರಿಗೆ ನೇರ ದಾರಿ ಎಂದರೆ ಮಿಲಾನ್ ಭೇಟಿಯನ್ನು ಶನಿವಾರ, ಭಾನುವಾರಕ್ಕೆ ಇಟ್ಟುಕೊಳ್ಳುವುದು, ಶುಕ್ರವಾರ ರಾತ್ರಿ 7.30ರ ನಂತರ ಹೊಕ್ಕು ಭಾನುವಾರ ಸಂಜೆ ಹೊರಬೀಳುವುದು. ಊರನ್ನು ಸುತ್ತುವರಿದ ತಂಜೆಂಜಿಯಾಲೆ ಹೆದ್ದಾರಿಗಳು ವಲಯದ ಹೊರಗಿವೆ, ವಾರದ ದಿನ ಫ್ಲಾರೆನ್ಸ್ ಕಡೆಗೆ ಹಾದುಹೋಗಲು ಅಡ್ಡಿಯಿಲ್ಲ. ಆಲ್ಪ್ಸ್ ಮತ್ತು ಅಪೆನೈನ್ ಬೆಟ್ಟಗಳ ನಡುವಿನ ಪೊ ಕಣಿವೆಯಲ್ಲಿ ಚಳಿಗಾಲದ ಗಾಳಿ ಕದಲುವುದೇ ಇಲ್ಲ. ಅದಕ್ಕೇ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿನ ಊರುಗಳಲ್ಲಿ ಬೇರೆ ತಡೆಗಳೂ ಸೇರಿಕೊಳ್ಳುತ್ತವೆ. ಜುಲೈನಲ್ಲಿ ನಿಮಗೆ ಅದರ ಚಿಂತೆ ಇಲ್ಲ.

ಫ್ಲಾರೆನ್ಸ್‌ನ ನಿಯಮ ಜೆಡ್‌ಟಿಎಲ್, ಸೀಮಿತ ಸಂಚಾರ ವಲಯ. ಸೋಮವಾರದಿಂದ ಶುಕ್ರವಾರ ಬೆಳಗ್ಗೆ 7.30ರಿಂದ ರಾತ್ರಿ 8, ಶನಿವಾರ ಸಂಜೆ 4ರವರೆಗೆ, ಬೇಸಿಗೆಯಲ್ಲಿ ಗುರುವಾರದಿಂದ ಶನಿವಾರದವರೆಗೆ ರಾತ್ರಿ 11ರಿಂದ 3ರವರೆಗೂ ಉಂಟು. ಗೇಟು ಇಲ್ಲ, ತಡೆಯುವ ಪೊಲೀಸರಿಲ್ಲ, ಕ್ಯಾಮೆರಾ ಮಾತ್ರ. ಕೆಂಪು ಅಂಚಿನ ಬಿಳಿ ವೃತ್ತದ ಫಲಕ, ಅದರ ಪಕ್ಕ ಬೆಳಗುವ ಅಕ್ಷರದ ಬೋರ್ಡು. ಅದರಲ್ಲಿ ‘ವಾರ್ಕೊ ಅತ್ತೀವೊ’ ಎಂದಿದ್ದರೆ ಕ್ಯಾಮೆರಾ ಚಾಲೂ ಇದೆ, ಒಳಗೆ ಹೋಗಬೇಡಿ ಎಂದು. ‘ನೊನ್ ಅತ್ತೀವೊ’ ಎಂದಿದ್ದರೆ ಹೋಗಬಹುದು. ‘ಆಕ್ಟಿವ್’ ಎಂದರೆ ದಾರಿ ತೆರೆದಿದೆ ಎಂದು ಓದಿಕೊಂಡು ನುಗ್ಗುವುದೇ ಪ್ರವಾಸಿಗರ ಅತಿ ದೊಡ್ಡ ತಪ್ಪು. ಫಲಕದ ಕೆಳಗೆ ಎರಡು ಸುತ್ತಿಗೆ ಅಡ್ಡಡ್ಡ ಇಟ್ಟ ಚಿತ್ರವಿದ್ದರೆ ಆ ಸಮಯ ಕೆಲಸದ ದಿನಗಳಿಗೆ, ಶನಿವಾರವೂ ಅದರಲ್ಲಿ ಸೇರಿದೆ. ಶಿಲುಬೆಯ ಚಿತ್ರವಿದ್ದರೆ ಭಾನುವಾರ ಮತ್ತು ಹಬ್ಬಗಳಿಗೆ.

ತಾಯಿಯವರ ಮಂಡಿನೋವಿನ ಕಾರಣ ಹೋಟೆಲ್ ಬಾಗಿಲವರೆಗೆ ಕಾರು ಬೇಕೆಂದಾದರೆ ದಾರಿಯಿದೆ. ವಲಯದೊಳಗಿನ ಹೋಟೆಲ್‌ಗಳೂ ಗ್ಯಾರೇಜ್‌ಗಳೂ ಅತಿಥಿಗಳ ನಂಬರನ್ನು ನಗರಸಭೆಯ ಪಟ್ಟಿಗೆ ಸೇರಿಸುತ್ತವೆ. ಬುಕ್ ಮಾಡುವಾಗ ‘ಒಳಗೆ ಬರಬಹುದೇ’ ಎಂದು ಕೇಳಿ ಸುಮ್ಮನಾಗಬೇಡಿ. ನಂಬರ್, ಬರುವ ದಿನ ಮತ್ತು ಅಂದಾಜು ಸಮಯ, ಹೋಗುವ ದಿನ ಇಷ್ಟನ್ನೂ ಮಿಂಚಂಚೆಯಲ್ಲಿ ಬರೆದು, ‘ಸೇರಿಸಿದ್ದೇವೆ’ ಎಂಬ ಲಿಖಿತ ಉತ್ತರ ಪಡೆಯಿರಿ. ನಡುವೆ ಒಂದು ದಿನ ಹೊರಗೆ ಸುತ್ತಾಡಿ ಮರಳಿ ಒಳಗೆ ಬರುವುದಿದ್ದರೆ ಅದನ್ನೂ ಹೇಳಿ. ಈ ಅನುಮತಿ ಬಸ್ಸು, ಟ್ಯಾಕ್ಸಿಗೆ ಮೀಸಲಾದ ಪಥಗಳಿಗೆ ಅನ್ವಯಿಸದು, ಅವಕ್ಕೆ ಬೇರೆಯೇ ಕ್ಯಾಮೆರಾಗಳಿವೆ. ಒಳಗೆ ಹೋಗುವ ದಾರಿಯನ್ನು ಹೋಟೆಲಿನವರಿಂದಲೇ ಕೇಳಿಕೊಳ್ಳಿ, ಏಕೆಂದರೆ ಜಿಪಿಎಸ್ ಇಂಥ ಪಥಗಳಲ್ಲೂ ನಡೆಸಿಬಿಡುತ್ತದೆ.

ಆದರೆ ನನ್ನನ್ನು ಕೇಳಿದರೆ ಕಾರನ್ನು ಊರೊಳಗೆ ತೆಗೆದುಕೊಂಡು ಹೋಗಲೇಬೇಡಿ. ಫ್ಲಾರೆನ್ಸ್‌ನಲ್ಲೂ ಹಳೇ ಡೀಸೆಲ್‌ಗಳ ಮೇಲೆ ಹೊಗೆ ನಿಯಮ ಬೇರೆಯಾಗಿ ಬಂದಿದೆ, ಎರಡನ್ನೂ ಏಕಕಾಲಕ್ಕೆ ಸಂಭಾಳಿಸುವುದು ಕಷ್ಟ. ಎ1 ಹೆದ್ದಾರಿಯಲ್ಲೇ, ಟೋಲ್ ದಾಟಿ ಹೊರಬೀಳದೆ, ವಿಲ್ಲಾ ಕೊಸ್ತಾಂಜಾ ಎಂಬ ಪಾರ್ಕಿಂಗ್ ಇದೆ. ಕಾರು ಅಲ್ಲಿ ನಿಲ್ಲಿಸಿದರೆ ಪಕ್ಕದಲ್ಲೇ ಟಿ1 ಟ್ರಾಮ್, ಅರ್ಧ ಗಂಟೆಯೊಳಗೆ ಸಾಂತಾ ಮರಿಯಾ ನೊವೆಲ್ಲಾ ನಿಲ್ದಾಣ ಮುಟ್ಟಿಸುತ್ತದೆ. ಟ್ರಾಮ್‌ನ ನೆಲ ತಗ್ಗು, ಮೆಟ್ಟಿಲು ಹತ್ತುವ ಕಷ್ಟವಿಲ್ಲ. ಅಲ್ಲಿಂದ ಹೋಟೆಲ್‌ಗೆ ಟ್ಯಾಕ್ಸಿ ಹಿಡಿಯಿರಿ, ಟ್ಯಾಕ್ಸಿಗಳಿಗೆ ವಲಯದೊಳಗೆ ಹೋಗಲು ಅಡ್ಡಿಯಿಲ್ಲ. ತಾಯಿಯವರಿಗೆ ಇದು ಕಾರಿಗಿಂತ ಹಗುರ.

ಉಳಿದದ್ದು ಕಾರು ಮಾರುವ ಪ್ರಶ್ನೆ. ಈ ಪ್ರವಾಸವೊಂದಕ್ಕಾಗಿ ಮಾರಬೇಕಿಲ್ಲ. ವಾರದ ಓಡಾಟ ಬೋಬ್ಲಿಂಗೆನ್ ಸುತ್ತಮುತ್ತಲೇ ಇದ್ದು, ಸ್ಟುಟ್‌ಗಾರ್ಟ್ ಪೇಟೆಗೆ ಎಸ್1 ರೈಲಿನಲ್ಲಿ ಹೋಗುತ್ತೀರಾದರೆ ಇಟ್ಟುಕೊಳ್ಳಿ. ಇಟಲಿಗೆ ಮಾತ್ರ ಪೆಟ್ರೋಲ್ ಯೂರೊ 6 ಬಾಡಿಗೆ ಕಾರು ತೆಗೆದುಕೊಂಡರೆ ಮಿಲಾನ್‌ನ ಹೊರವೃತ್ತದ ತಡೆ ತಪ್ಪುತ್ತದೆ, ಫ್ಲಾರೆನ್ಸ್‌ನ ಜೆಡ್‌ಟಿಎಲ್ ತಪ್ಪುವುದಿಲ್ಲ. ಗಡಿ ದಾಟಲು ಅನುಮತಿ ಕರಾರಿನಲ್ಲಿ ಬರೆದಿರಬೇಕು. ಅದೇ ಕಾರಿನಲ್ಲಿ ಪ್ಯಾರಿಸ್‌ಗೂ ಹೋಗುವುದಾದರೆ ಕ್ರಿಟ್‌ಏರ್ ಇದೆಯೇ ಕೇಳಿ, ಜರ್ಮನಿಯ ಬಾಡಿಗೆ ಕಾರುಗಳಲ್ಲಿ ಸಾಮಾನ್ಯವಾಗಿ ಹಸಿರು ಪ್ಲಾಕೆಟ್ ಮಾತ್ರ ಇರುತ್ತದೆ.

ಹಳೇ ಕಾರಿಗೆ ಎಸ್‌ಸಿಆರ್ ಹಾಕಿಸುವುದನ್ನು ನಾನು ಶಿಫಾರಸು ಮಾಡುವುದಿಲ್ಲ. ಸಾವಿರಾರು ಯೂರೊ ಖರ್ಚು, ಎಲ್ಲಾ ಮಾದರಿಗಳಿಗೂ ಕಿಟ್ ಸಿಗುವುದಿಲ್ಲ. ನೈಟ್ರೋಜನ್ ಆಕ್ಸೈಡನ್ನು ಕಿಲೋಮೀಟರಿಗೆ 270 ಮಿಲಿಗ್ರಾಂಗಿಂತ ಕಡಿಮೆ ಬಿಡುವುದು ದೃಢಪಟ್ಟರೆ ಜರ್ಮನಿಯ ಡೀಸೆಲ್ ತಡೆಯಿಂದ ವಿನಾಯಿತಿ ಇದೆ. ಆದರೆ ನೋಂದಣಿಯಲ್ಲಿ ಕಾರು ಯೂರೊ 5 ಆಗಿಯೇ ಉಳಿಯುವುದರಿಂದ ಮಿಲಾನ್‌ನ ಕ್ಯಾಮೆರಾಗೆ ಏನೂ ಬದಲಾಗುವುದಿಲ್ಲ. ಫಿಲ್ಟರ್ ಕಿತ್ತು ‘ಸಾಫ್ಟ್‌ವೇರ್ ಸರಿ ಮಾಡಿಕೊಡುತ್ತೇವೆ’ ಎನ್ನುವವರ ಹತ್ತಿರ ಹೋಗಲೇಬೇಡಿ. ಅದು ಅಪರಾಧ, ಕಾರಿನ ರಸ್ತೆ ಅನುಮತಿಯೇ ಹೋಗುತ್ತದೆ.

ಎರಡು, ಮೂರು ವರ್ಷದಲ್ಲಿ ಬದಲಿಸುವ ಯೋಚನೆ ಹೇಗೂ ಇದ್ದರೆ ಪೆಟ್ರೋಲ್ ಕಡೆ ನೋಡಿ. ಯೂರೊ 5 ಪೆಟ್ರೋಲ್ ಫ್ರಾನ್ಸಿನಲ್ಲಿ 1ನೇ ವರ್ಗ. ಲಂಡನ್ನಿನಲ್ಲಿ ಯೂರೊ 4 ಪೆಟ್ರೋಲ್ ಕೂಡ ದಿನದ 12.50 ಪೌಂಡ್ ಶುಲ್ಕವಿಲ್ಲದೆ ಓಡಾಡುತ್ತದೆ, ಡೀಸೆಲ್ ಆದರೆ ಯೂರೊ 6 ಬೇಕು. ಬ್ರಸೆಲ್ಸ್, ಆಂಟ್‌ವರ್ಪ್, ಬಾರ್ಸಿಲೋನಾಗಳಲ್ಲಿ ಕಾರು ಎಷ್ಟೇ ಹೊಸದಿದ್ದರೂ ವಿದೇಶಿ ನಂಬರನ್ನು ಮೊದಲೇ ಜಾಲತಾಣದಲ್ಲಿ ನೋಂದಾಯಿಸಬೇಕು, ಇದನ್ನು ಮರೆತವರಿಗೂ ದಂಡವಿದೆ. ದೂರದ ಓಡಾಟ ಹೆಚ್ಚಿದ್ದು ಡೀಸೆಲ್ಲೇ ಬೇಕೆಂದರೆ ಯೂರೊ 6ರಲ್ಲೂ ‘6ಡಿ-ಟೆಂಪ್’ ಅಥವಾ ‘6ಡಿ’ ಆರಿಸಿ. 2017ರ ಸೆಪ್ಟೆಂಬರ್‌ನಿಂದ ಹೊಸ ಮಾದರಿಗಳನ್ನು ರಸ್ತೆಯ ಮೇಲೆಯೇ ಅಳೆದು ಅನುಮೋದಿಸಿದ ದರ್ಜೆಗಳಿವು, ಮೊದಲಿನ ಯೂರೊ 6ಗಳು ಪ್ರಯೋಗಾಲಯದಲ್ಲಿ ಮಾತ್ರ ಪಾಸಾದವು. 2030ರಿಂದ ಒಕ್ಕೂಟದ ನೈಟ್ರೋಜನ್ ಡೈಆಕ್ಸೈಡ್ ಮಿತಿ 40ರಿಂದ 20ಕ್ಕೆ ಇಳಿಯಲಿದೆ, ಆಗ ನಗರಗಳು ಮೊದಲು ಕಣ್ಣು ಹಾಕುವುದು ಆ ಹಳೇ ಯೂರೊ 6 ಡೀಸೆಲ್‌ಗಳ ಮೇಲೆ. ಮಾರಾಟದ ಜಾಹೀರಾತಿನಲ್ಲಿ ‘ಹಸಿರು ಪ್ಲಾಕೆಟ್ ಇದೆ’, ‘ಯೂರೊ 6’ ಎಂದಷ್ಟೇ ಬರೆದಿದ್ದರೆ ಮುಂಗಡ ಕೊಡುವ ಮೊದಲು ನೋಂದಣಿ ಪತ್ರದ 14 ಮತ್ತು 14.1 ಅಂಕಣಗಳ ಫೋಟೊ ಕಳಿಸಲು ಹೇಳಿ. ಕಳಿಸಲು ಒಪ್ಪದವರ ಕಾರನ್ನು ನೋಡಲು ಹೋಗಬೇಡಿ.